ಹನ್ನೊಂದನೇ ಸಲದ ಉತ್ತರ

ವರ್ಕ್‌ಶಾಪಿನಲ್ಲಿ ಅವರಿಗೆ ಕೊಕ್ಕೆ ಮೇಷ್ಟ್ರು ಅಂತ ಹೆಸರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ತಾವೇ ಹತ್ತನೇ ತರಗತಿ ದಾಟುವುದಕ್ಕೆ ಎರಡು ಸಲ ಏದುಸಿರು ಬಿಟ್ಟವರು. ಆದರೆ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ಪಾಠ ಹೇಳುವವರು ಅವರೇ, ಆ ಪಾಠ ಶುರುವಾಗುವುದು ಒಂದು ಹಿತ್ತಾಳೆ ಕೊಕ್ಕೆಯಿಂದ. ಹೆಸರು ಹಾಗೆ ಅಂಟಿಕೊಂಡಿತು. ಅನುಮಾನದ ಸ್ವಭಾವವೂ ಇತ್ತೆನ್ನಿ. ಲೈಟು ಉರಿಯುತ್ತಿದ್ದರೆ ಯಾಕೆ ಉರಿಯುತ್ತಿದೆ ಅನ್ನುವವರು, ಆರಿದ್ದರೆ ನಿಜವಾಗಿ ಆರಿದೆಯಾ ಅನ್ನುವವರು. ಅವರ ಹತ್ತಿರ ರಜಾ ಚೀಟಿ ಕೊಟ್ಟರೆ ಅದನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡುತ್ತಾರೆ ಅಂತ ಕಚೇರಿಯ ಗುಮಾಸ್ತೆ ನಗುತ್ತಿದ್ದಳು. ಐವತ್ತನಾಲ್ಕು ವಯಸ್ಸು, ಮದುವೆಯಿಲ್ಲ. ಯಾಕೆ ಆಗಲಿಲ್ಲ ಅಂದರೆ, ಹುಡುಗಿ ನೋಡಲು ಹೋದ ಮನೆಯಲ್ಲಿ ಮಾತು ಬಿಟ್ಟು ಸ್ವಿಚ್‌ಬೋರ್ಡ್ ನೋಡುತ್ತಾ ಕೂತಿದ್ದರಂತೆ. ಇದು ಅವರ ತಮ್ಮ ಕಟ್ಟಿದ ಕತೆ, ನಿಜವೋ ಸುಳ್ಳೋ.

ಅಲ್ಲಿ ನಡೆಯುವ ಕೆಲಸ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಸಿಕೊಂಡವರು ತಣ್ಣನೆಯ ಮೇಜನ್ನು ಕಂಡಿರುತ್ತಾರೆ, ಮೇಲೆ ಬಗ್ಗಿ ನಿಂತ ಯಂತ್ರವನ್ನು ಕಂಡಿರುತ್ತಾರೆ, ಉಸಿರು ಹಿಡ್ಕೊಳ್ಳಿ ಅಂದ ದನಿಯನ್ನು ಕೇಳಿರುತ್ತಾರೆ. ಮೂಲೆಯಲ್ಲಿ ಬೀರುವಿನ ಹಾಗೆ ನಿಂತ ಕಬ್ಬಿಣದ ಪೆಟ್ಟಿಗೆಯನ್ನು ಯಾರೂ ನೋಡುವುದಿಲ್ಲ. ಗೋಡೆಯಿಂದ ಬಂದ ಸಾಧಾರಣ ಕರೆಂಟನ್ನು ಲಕ್ಷ ವೋಲ್ಟಿನವರೆಗೆ ಏರಿಸಿ, ಎಕ್ಸ್-ರೇ ಹುಟ್ಟಿಸುವ ಟ್ಯೂಬಿಗೆ ಕಳಿಸುವುದು ಆ ಪೆಟ್ಟಿಗೆ. ಒಳಗೆ ಎಣ್ಣೆ, ಎಣ್ಣೆಯಲ್ಲಿ ಮುಳುಗಿದ ತಾಮ್ರದ ಸುರುಳಿಗಳು, ಕೆಪಾಸಿಟರುಗಳು. ಟ್ಯೂಬು ಹಳೆಯದಾದರೆ ಅದರೊಳಗೆ ಕಿಡಿ ಹಾರುತ್ತದೆ. ಹಾರಿದ ಕ್ಷಣ ಪೆಟ್ಟಿಗೆಯ ಶಕ್ತಿಯೆಲ್ಲ ಆ ಕಿಡಿಯ ದಾರಿಯಲ್ಲೇ ನುಗ್ಗುತ್ತದೆ. ತಡೆಯದಿದ್ದರೆ ಟ್ಯೂಬೂ ಹೋಯಿತು, ಪೆಟ್ಟಿಗೆಯೂ ಹೋಯಿತು. ಅದಕ್ಕೆ ಪ್ರತಿ ಪೆಟ್ಟಿಗೆಗೂ ಒಂದು ಕಾವಲಿನ ಸರ್ಕ್ಯೂಟು. ಕರೆಂಟು ಮಿತಿ ಮೀರಿದ ಕೂಡಲೇ, ರೆಪ್ಪೆ ಬಡಿಯುವುದರೊಳಗೆ, ಅದು ಸಪ್ಲೈ ಕಡಿದುಹಾಕಬೇಕು. ಟ್ರಿಪ್ ಆಯಿತು ಅನ್ನುತ್ತಾರಲ್ಲ, ಅದು.

ಈ ಕಾವಲನ್ನು ಸರಿಯಾದ ಮಟ್ಟಕ್ಕೆ ಹೊಂದಿಸುವುದೇ ಮೇಷ್ಟ್ರ ಕಸುಬು. ಸೂಕ್ಷ್ಮ ಜಾಸ್ತಿಯಾದರೆ ಎಲೆ ಅಲ್ಲಾಡಿದರೂ ಬೊಗಳುವ ನಾಯಿಯ ಹಾಗೆ ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ. ಆಸ್ಪತ್ರೆಯಲ್ಲಿ ಕಾಲು ಮುರಿದವರು ಬೆಂಚಿನ ಮೇಲೆ ನರಳುತ್ತಾ ಕಾಯಬೇಕಾಗುತ್ತದೆ. ಮಂದವಾದರೆ ಕಿಡಿ ಹಾರಿದರೂ ಸುಮ್ಮನಿರುತ್ತದೆ. ಎರಡರ ನಡುವಿನ ಜಾಗ ಒಂದು ಸಣ್ಣ ಸ್ಕ್ರೂವಿನ ಕಾಲು ತಿರುವಿನಷ್ಟು. ಆ ಕಾಲು ತಿರುವಿಗಾಗಿ ಇಡೀ ದಿನ ಕಣ್ಣಲ್ಲಿ ಕಣ್ಣಿಟ್ಟು ಕೂರಬಲ್ಲವರು ಆ ವರ್ಕ್‌ಶಾಪಿನಲ್ಲಿ ಇಬ್ಬರೇ ಇದ್ದರು. ಒಬ್ಬರು ಮೇಷ್ಟ್ರು. ಇನ್ನೊಬ್ಬ ಅವರ ತಮ್ಮ, ಅವರ ಬಾಯಲ್ಲಿ ಚಿಕ್ಕ.

ಚಿಕ್ಕ ಅಣ್ಣನಿಗಿಂತ ಹನ್ನೆರಡು ವರ್ಷ ಚಿಕ್ಕವನು. ತಂದೆ ತಾಯಿ ಬೇಗ ಹೋದರು, ಅವನನ್ನು ಎತ್ತಿ ಆಡಿಸಿದ್ದು, ಶಾಲೆಗೆ ಸೇರಿಸಿದ್ದು, ಕಸುಬು ಕಲಿಸಿದ್ದು ಎಲ್ಲ ಅಣ್ಣನೇ. ಅಣ್ಣ ಗಂಭೀರ, ತಮ್ಮ ಬಾಯಿಬಡುಕ. ಕೆಲಸದಲ್ಲಿ ಮಾತ್ರ ಇಬ್ಬರ ನಡುವೆ ಮಾತೇ ಬೇಕಿರಲಿಲ್ಲ. ಒಬ್ಬ ಕೈ ಚಾಚಿದರೆ ಇನ್ನೊಬ್ಬ ಬೇಕಾದ ಸ್ಪಾನರನ್ನೇ ಇಡುತ್ತಿದ್ದ. ಚಿಕ್ಕ ಮದುವೆಯಾದ ಮೇಲೂ ಒಂದೇ ಮನೆ: ಮುಂದಿನ ಕೋಣೆ ಅಣ್ಣನಿಗೆ, ಹಿಂದಿನ ಎರಡು ಕೋಣೆ ತಮ್ಮನ ಸಂಸಾರಕ್ಕೆ. ಅವನಿಗೊಬ್ಬಳು ಮಗಳು ಹುಟ್ಟಿದಳು, ಪುಟ್ಟಿ ಅಂತ ಕರೆದರು. ಮಗುವಿನ ತೊಟ್ಟಿಲ ಹತ್ತಿರದ ಪ್ಲಗ್ ಪಾಯಿಂಟುಗಳನ್ನೆಲ್ಲ ದೊಡ್ಡಪ್ಪ ಅವತ್ತೇ ಟೇಪು ಸುತ್ತಿ ಮುಚ್ಚಿದರು.

ಈಗ ಆ ದಿನದ ಮಾತು. ಹೇಳದೆ ಮುಂದೆ ಹೋಗುವಂತಿಲ್ಲ.

ಪೆಟ್ಟಿಗೆಗಳನ್ನು ಪರೀಕ್ಷೆ ಮಾಡುವುದು ತಂತಿ ಬಲೆಯ ಒಂದು ಕೋಣೆಯಲ್ಲಿ, ಪಂಜರ ಅನ್ನುತ್ತಾರೆ. ಹೊರಗೆ ಸ್ವಿಚ್ಚುಗಳ ಪ್ಯಾನೆಲ್ ಹತ್ತಿರ ಒಬ್ಬ, ಒಳಗೆ ಹೋಗಿ ಸ್ಕ್ರೂ ತಿರುಗಿಸಲು ಒಬ್ಬ. ಸಪ್ಲೈ ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಶಕ್ತಿ ಉಳಿದಿರುತ್ತದೆ. ಅದು ತಾನಾಗಿ ಇಳಿದುಹೋಗಲಿ ಅಂತ ಒಳಗೊಂದು ರೆಸಿಸ್ಟರ್ ಇರುತ್ತದೆ, ನಿಜ. ಆದರೆ ಅದನ್ನು ನಂಬಬಾರದು. ಅರ್ಥಿಂಗ್ ಕೋಲು ಅಂತ ಒಂದಿದೆ: ಉದ್ದನೆಯ ಕೋಲಿನ ತುದಿಗೆ ಹಿತ್ತಾಳೆ ಕೊಕ್ಕೆ, ಕೊಕ್ಕೆಯಿಂದ ನೆಲಕ್ಕೆ ದಪ್ಪ ತಾಮ್ರದ ತಂತಿ. ಪ್ಯಾನೆಲ್ ಹತ್ತಿರದವನು ಆ ಕೋಲನ್ನು ಬಲೆಯ ಕಿಂಡಿಯಿಂದ ತೂರಿಸಿ ಪೆಟ್ಟಿಗೆಯ ಟರ್ಮಿನಲ್ಲಿಗೆ ಕೊಕ್ಕೆ ಹಾಕಬೇಕು, ಉಳಿದದ್ದೆಲ್ಲ ನೆಲಕ್ಕೆ ಇಳಿಯುತ್ತದೆ. ಒಳಗೆ ಹೋಗುವವನು ಪೆಟ್ಟಿಗೆಯ ಹಿಂಭಾಗಕ್ಕೆ ಬಗ್ಗಿ, ಕೊಕ್ಕೆ ಬಿದ್ದಿದೆಯಾ ಅಂತ ತನ್ನ ಕಣ್ಣಿಂದ ನೋಡಿ ಆಮೇಲೆ ಕೈ ಹಾಕಬೇಕು. ನಿಯಮ ಅದು.

ಅಣ್ಣ ತಮ್ಮಂದಿರು ನಿಯಮವನ್ನು ಒಂದಿಷ್ಟು ಸವೆಸಿಕೊಂಡಿದ್ದರು. ತಮ್ಮ ಬಾಗಿಲಲ್ಲಿ ನಿಂತು, “ಅಣ್ಣ, ಕೊಕ್ಕೆ?” ಅನ್ನುವುದು. ಅಣ್ಣ “ಹಾಕಿದೆ” ಅನ್ನುವುದು. ಬಗ್ಗಿ ನೋಡುವುದು ಯಾವತ್ತೋ ಬಿಟ್ಟುಹೋಗಿತ್ತು. ಅಣ್ಣ ಹಾಕಿದೆ ಅಂದಮೇಲೆ ನೋಡುವುದೇನಿದೆ? ಹೀಗೆ ಸಾವಿರ ಸಲ ಆಗಿರಬಹುದು, ಸಾವಿರ ಸಲವೂ ಕೊಕ್ಕೆ ಇತ್ತು.

ಅವತ್ತು ಬಂದಿದ್ದ ಪೆಟ್ಟಿಗೆ ಹಟಮಾರಿ. ಆಸ್ಪತ್ರೆಯಲ್ಲಿ ಒಮ್ಮೆ ಕಿಡಿಗೆ ಟ್ರಿಪ್ ಆಗುತ್ತಿತ್ತು, ಒಮ್ಮೆ ಕಾರಣವೇ ಇಲ್ಲದೆ. ವೋಲ್ಟು ಏರಿಸುವುದು, ಟ್ರಿಪ್ ಆಗುವುದು, ಆರಿಸುವುದು, ಕೊಕ್ಕೆ ಹಾಕುವುದು, ಚಿಕ್ಕ ಒಳಗೆ ಹೋಗಿ ಸ್ಕ್ರೂವನ್ನು ಒಂದು ಎಳೆಯಷ್ಟು ತಿರುಗಿಸುವುದು, ಹೊರಗೆ ಬರುವುದು. ಹತ್ತು ಸಲ ಆಯಿತು. ಹತ್ತೂ ಸಲ ಚಟ್ ಅಂತ ಕಿಡಿ ಹಾರಿಯೇ ಟ್ರಿಪ್ ಆಗಿತ್ತು. ಹನ್ನೊಂದನೇ ಸಲ ಕಿಡಿಯೇ ಇಲ್ಲ, ಸುಮ್ಮನೆ ಟ್ರಿಪ್ ಆಯಿತು. ಮೀಟರಿನ ಮುಳ್ಳು ಸೊನ್ನೆಗೆ ಬಂತು. ಇದೇ ನಾವು ಹುಡುಕುತ್ತಿದ್ದ ಸುಳ್ಳು ಟ್ರಿಪ್ಪು ಅಂತ ಮೇಷ್ಟ್ರಿಗೆ ಉತ್ಸಾಹ ಬಂತು, ಕೂಡಲೇ ಪುಸ್ತಕ ಎಳೆದುಕೊಂಡು ಬರೆಯಲು ಶುರು ಮಾಡಿದರು. ಬಲಗೈಯಲ್ಲಿ ಪೆನ್ನು.

“ಅಣ್ಣ, ಕೊಕ್ಕೆ?”

“ಹಾಕಿದೆ,” ಅಂದರು ಮೇಷ್ಟ್ರು, ಪುಸ್ತಕದಿಂದ ತಲೆ ಎತ್ತದೆ.

ಕೋಲು ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಕಿಡಿ ಹಾರಿದ್ದರೆ ಕೆಪಾಸಿಟರುಗಳು ಆ ಕಿಡಿಯಲ್ಲೇ ಖಾಲಿಯಾಗುತ್ತಿದ್ದವು. ಹಾರಿರಲಿಲ್ಲ, ತುಂಬಿಕೊಂಡೇ ಇದ್ದವು. ಇಳಿಸಬೇಕಾದ ರೆಸಿಸ್ಟರು ಹತ್ತು ಸಲದ ಹೊಡೆತಕ್ಕೆ ಒಳಗೊಳಗೇ ಸುಟ್ಟುಹೋಗಿತ್ತು. ಮುಳ್ಳು ತೋರಿಸುತ್ತಿದ್ದದ್ದು ಗೋಡೆಯಿಂದ ಬರುವ ಕರೆಂಟನ್ನು, ಒಳಗೆ ಉಳಿದದ್ದನ್ನಲ್ಲ. ಈ ಮೂರನ್ನೂ ಮೇಷ್ಟ್ರು ಆಮೇಲೆ ಕಂಡುಹಿಡಿದರು. ಆ ಹೊತ್ತಿಗೆ ಕೇಳಿದ್ದು ಒಂದು ಸದ್ದು ಮಾತ್ರ, ಕೊಂಬೆ ಮುರಿದ ಹಾಗೆ. ಚಿಕ್ಕನಿಗೆ ಮೂವತ್ಮೂರು ವರ್ಷ. ಪುಟ್ಟಿಗೆ ಆರು.

ತನಿಖೆಗೆ ಇನ್ಸ್‌ಪೆಕ್ಟರ್ ಬಂದ. ಕೊಕ್ಕೆ ಹಾಕಿತ್ತಾ ಅಂತ ಕೇಳಿದ. ಇಲ್ಲ ಅಂದರು ಮೇಷ್ಟ್ರು. ಒಳಗೆ ಹೋಗುವವನು ನೋಡಿಕೊಂಡು ಹೋಗಬೇಕು ಅಂತ ನಿಯಮ ಇದೆಯಾ ಅಂದ. ಇದೆ ಅಂದರು. ಸತ್ತವರು ನೋಡಿದರಾ ಅಂದ. ನೋಡಲಿಲ್ಲ ಅಂದರು. ಒಂದೂ ಸುಳ್ಳಲ್ಲ. ಅವನು ನಿಮ್ಮನ್ನು ಕೇಳಿದನಾ, ನೀವೇನು ಹೇಳಿದಿರಿ ಅಂತ ಮಾತ್ರ ಇನ್ಸ್‌ಪೆಕ್ಟರ್ ಕೇಳಲಿಲ್ಲ, ಮೇಷ್ಟ್ರು ತಾವಾಗಿ ಹೇಳಲಿಲ್ಲ. ವರದಿಯಲ್ಲಿ ಬರೆದದ್ದು ಹೀಗೆ: ಕೊಕ್ಕೆ ಹಾಕಿರುವುದನ್ನು ಖಚಿತಪಡಿಸಿಕೊಳ್ಳದೆ ಒಳಪ್ರವೇಶಿಸಿದ ಮೃತರ ಅಜಾಗರೂಕತೆಯೇ ಅವಘಡಕ್ಕೆ ಕಾರಣ. ಕೆಳಗೆ ಮೇಷ್ಟ್ರು ರುಜು ಹಾಕಿದರು.

ಯಾಕೆ ಹಾಗೆ ಮಾಡಿದರು ಅಂದರೆ ಕಾರಣಗಳಿಗೇನು ಬರ. ಕೆಲಸ ಹೋದರೆ ತಮ್ಮನ ಹೆಂಡತಿ ಮಗುವನ್ನು ನೋಡಿಕೊಳ್ಳುವವರು ಯಾರು ಅಂತ ತಮಗೇ ಹೇಳಿಕೊಂಡರು. ಈಗ ಬೇಡ, ಅವಳು ಸ್ವಲ್ಪ ಸುಧಾರಿಸಿಕೊಳ್ಳಲಿ ಅಂತ ಹೇಳಿಕೊಂಡರು. ಸುಧಾರಿಸಿಕೊಂಡ ಮೇಲೆ, ಆರಿದ ಗಾಯ ಯಾಕೆ ಕೆರೆಯಬೇಕು ಅಂತ ಹೇಳಿಕೊಂಡರು. ಹೆದರಿದ್ದರು, ಅಷ್ಟೇ. ಆ ಮನೆಯಲ್ಲಿ ಭಾವ ಅಂತ ಕರೆಯುವ ಒಂದು ದನಿ, ದೊಡ್ಡಪ್ಪ ಅಂತ ಕರೆಯುವ ಒಂದು ದನಿ ಬಿಟ್ಟರೆ ಅವರಿಗೆ ಲೋಕದಲ್ಲಿ ಬೇರೇನೂ ಉಳಿದಿರಲಿಲ್ಲ. ಅದನ್ನೂ ಕಳೆದುಕೊಳ್ಳುವ ಧೈರ್ಯ ಬರಲಿಲ್ಲ.

ಬದಲಿಗೆ ಹುಚ್ಚು ಹಿಡಿದವರ ಹಾಗೆ ಕೆಲಸ ಮಾಡಿದರು. ಪಂಜರದ ಬಾಗಿಲಿಗೆ ತಾವೇ ಒಂದು ಏರ್ಪಾಟು ಕಟ್ಟಿದರು: ಬಾಗಿಲು ಒಂದು ಬೆರಳಿನಷ್ಟು ತೆರೆದರೆ ಸಾಕು, ಮೇಲಿಂದ ಒಂದು ಹಿತ್ತಾಳೆ ಸರಳು ತನ್ನ ಭಾರಕ್ಕೆ ತಾನೇ ಬಿದ್ದು ಟರ್ಮಿನಲ್ಲನ್ನು ನೆಲಕ್ಕೆ ಕೂಡಿಸುತ್ತದೆ. ಯಾರೂ ಯಾರನ್ನೂ ಕೇಳಬೇಕಾಗಿಲ್ಲ, ಯಾರೂ ಉತ್ತರ ಹೇಳಬೇಕಾಗಿಲ್ಲ. ಬೇರೆ ವರ್ಕ್‌ಶಾಪಿನವರು ಬಂದು ಅಳತೆ ತೆಗೆದುಕೊಂಡು ಹೋದರು. ತಮ್ಮ ಹೋದ ದುಃಖದಲ್ಲೂ ಇನ್ನೊಬ್ಬರ ಜೀವ ಉಳಿಸುವ ಕೆಲಸ ಮಾಡಿದರು ಅಂತ ಜನ ಬೆನ್ನು ತಟ್ಟಿದರು. ಬೆನ್ನು ತಟ್ಟಿಸಿಕೊಂಡ ದಿನ ಮೇಷ್ಟ್ರಿಗೆ ಅನ್ನ ಸೇರುತ್ತಿರಲಿಲ್ಲ.

ಇನ್ನೊಂದು ಪದ್ಧತಿಯೂ ಹುಟ್ಟಿಕೊಂಡಿತು. ಹೊಸಬರು ಸೇರಿದಾಗಲೆಲ್ಲ ಮೊದಲ ಸೋಮವಾರ ಆ ವರದಿಯನ್ನು ಅವರ ಮುಂದೆ ಗಟ್ಟಿಯಾಗಿ ಓದಬೇಕು ಅಂತ ವರ್ಕ್‌ಶಾಪಿನ ಯಜಮಾನರು ತೀರ್ಮಾನಿಸಿದರು. ಓದುವವರು ಯಾರು? ಮೇಷ್ಟ್ರಲ್ಲದೆ ಇನ್ಯಾರು. ಓದಿದರು. ಒಂಬತ್ತು ವರ್ಷದಲ್ಲಿ ಹದಿನಾಲ್ಕು ಸಲ. ಪಾಠದ ಕೋಣೆಗೂ ಪಕ್ಕದ ಸುರುಳಿ ಸುತ್ತುವ ಕೋಣೆಗೂ ನಡುವೆ ಇದ್ದದ್ದು ಹಲಗೆಯ ಅಡ್ಡಗೋಡೆ, ಅದೂ ಸೂರಿನವರೆಗೆ ಮುಟ್ಟದ್ದು. ಆಚೆ ಕಡೆ ಸುರುಳಿ ಸುತ್ತುತ್ತಿದ್ದವಳು ಚಿಕ್ಕನ ಹೆಂಡತಿ. ಅವನು ಹೋದ ಮರುವರ್ಷ ಯಜಮಾನರು ಕರೆದು ಕೆಲಸ ಕೊಟ್ಟಿದ್ದರು. ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು, ಒಂದೂ ತಪ್ಪದೆ ಸುತ್ತುವವಳು ಅವಳೊಬ್ಬಳೇ ಅಂತ ಹೆಸರು ಮಾಡಿದ್ದಳು. ಹದಿನಾಲ್ಕು ಸಲವೂ ಅವಳು ಕೇಳಿಸಿಕೊಂಡಳು, ಭಾವನ ದನಿಯಲ್ಲಿ, ಮೃತರ ಅಜಾಗರೂಕತೆ.

ಆ ಮಾತು ಮನೆಗೂ ಬಂತು. ಪುಟ್ಟಿ ನಲ್ಲಿ ನಿಲ್ಲಿಸದೆ ಶಾಲೆಗೆ ಓಡಿದರೆ, “ಅಪ್ಪನ ಬುದ್ಧಿಯೇ ಬಂದಿದೆ ನಿನಗೆ.” ಹಾಲಿನ ಪಾತ್ರೆಗೆ ಬಟ್ಟೆ ಹಿಡಿಯದೆ ಕೈ ಹಾಕಿದರೆ, “ನೋಡದೆ ಕೈ ಹಾಕು, ನಿಮ್ಮಪ್ಪ ಮಾಡಿದ್ದೂ ಅದನ್ನೇ.” ದಿನಕ್ಕೊಮ್ಮೆಯಾದರೂ. ಮುಂದಿನ ಕೋಣೆಯಲ್ಲಿ ಪೇಪರ್ ಹಿಡಿದು ಕೂತ ಮೇಷ್ಟ್ರು ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದರು.

ಒಂದು ಶುಕ್ರವಾರ ಪುಟ್ಟಿ ಶಾಲೆಯಿಂದ ಬಂದವಳು ನೇರ ದೊಡ್ಡಪ್ಪನ ಕೋಣೆಗೆ ಬಂದಳು. ಹದಿನೈದು ವರ್ಷದ ಹುಡುಗಿ, ಬ್ಯಾಗು ಇನ್ನೂ ಹೆಗಲಲ್ಲೇ. ಕೈಯಲ್ಲೊಂದು ಕಾಗದ.

“ದೊಡ್ಡಪ್ಪ, ಇದಕ್ಕೆ ಸೈನ್ ಹಾಕ್ತೀರಾ? ಅಮ್ಮನಿಗೆ ಹೇಳ್ಬೇಡಿ.”

ಮೇಷ್ಟ್ರು ಕಾಗದವನ್ನು ಅಭ್ಯಾಸದಂತೆ ಬೆಳಕಿಗೆ ಹಿಡಿದರು. ಮುಂದಿನ ವರ್ಷಕ್ಕೆ ವಿಜ್ಞಾನ ಬೇಡ, ಬೇರೆ ವಿಷಯ ಕೊಡಿ ಅಂತ ಅರ್ಜಿ.

“ಇದ್ಯಾಕೆ? ವಿಜ್ಞಾನದಲ್ಲಿ ಕ್ಲಾಸಿಗೇ ಫಸ್ಟ್ ಅಲ್ವಾ ನೀನು?”

“ಓದೋದಕ್ಕೆ ಏನೂ ತೊಂದರೆ ಇಲ್ಲ. ಲ್ಯಾಬಲ್ಲಿ ಕೈ ನಡುಗುತ್ತೆ.” ಹುಡುಗಿ ನೆಲ ನೋಡಿದಳು. “ವೈರು ಜೋಡಿಸು ಅಂದ್ರೆ ನಾಲ್ಕು ಸಲ ನೋಡ್ತೀನಿ, ಆದ್ರೂ ಏನೋ ಬಿಟ್ಟಿದ್ದೀನಿ ಅನ್ಸುತ್ತೆ. ಅಮ್ಮ ಹೇಳ್ತಾಳಲ್ಲ, ಅಪ್ಪನ ರಕ್ತ ಅಂತ. ದೊಡ್ಡಪ್ಪ, ಅಪ್ಪ ಅಷ್ಟೊಂದು ದಡ್ಡರಿದ್ರಾ?”

ಇಲ್ಲ ಅನ್ನುವ ಎರಡಕ್ಷರ ಮೇಷ್ಟ್ರ ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ಹೇಳಿದರೆ ಮಿಕ್ಕದ್ದನ್ನೂ ಹೇಳಬೇಕು.

“ಸೋಮವಾರದವರೆಗೆ ಇರಲಿ ಇದು,” ಅಂದು ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು.

ಆ ಎರಡು ದಿನ ಅವರು ಪಟ್ಟ ಪಾಡು ನೋಡುವಂತಿರಲಿಲ್ಲ. ಮೊದಲು ತಾಯಿಗೆ ಹೇಳಬೇಕು, ಆಮೇಲೆ ಮಗಳಿಗೆ ಅಂತ ನಿರ್ಧಾರ ಮಾಡಿದರು. ಶನಿವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು. ಏನು ಭಾವ ಅಂದಳು. ಉಪ್ಪು ಬೇಕಿತ್ತು ಅಂದರು. ಉಪ್ಪಿನ ಡಬ್ಬಿ ಅವರ ತಟ್ಟೆಯ ಪಕ್ಕದಲ್ಲೇ ಇತ್ತು. ಸಂಜೆ ಮತ್ತೆ ಹೋದರು. ಸೂಜಿ ಇದೆಯಾ ಅಂದರು. ಭಾನುವಾರ ಅವಳು ಪುಟ್ಟಿಯ ಸಮವಸ್ತ್ರ ಇಸ್ತ್ರಿ ಮಾಡುತ್ತಿದ್ದಾಗ ಎದುರಿಗೇ ಕುರ್ಚಿ ಹಾಕಿಕೊಂಡು ಕೂತು, “ನೋಡಮ್ಮಾ,” ಅಂತ ಶುರುವನ್ನೂ ಮಾಡಿದರು. ಅವಳು ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಮುಖ ನೋಡಿದಳು. “ವೈರು ಸ್ವಲ್ಪ ಹಳೇದಾಗಿದೆ, ಬದಲಾಯಿಸ್ತೀನಿ,” ಅಂದು ಎದ್ದುಹೋದರು. ಲಕ್ಷ ವೋಲ್ಟಿನ ಎದುರು ಮೂವತ್ತೈದು ವರ್ಷ ನಿಂತ ಗಂಡಸು ಒಂದು ಇಸ್ತ್ರಿಪೆಟ್ಟಿಗೆಯ ಎದುರು ಬಾಯಿ ಬಿಡಲಾರದೆ ಹೋದರು.

ಸೋಮವಾರ ಬಂತು. ಹೊಸದಾಗಿ ಮೂವರು ಸೇರಿದ್ದರು, ಇಬ್ಬರು ಹುಡುಗಿಯರು, ಒಬ್ಬ ಹುಡುಗ. ನೋಟ್‌ಬುಕ್ ತೆರೆದು ಕೂತಿದ್ದರು. ಮೇಷ್ಟ್ರು ಕೊಕ್ಕೆ ತೋರಿಸಿದರು, ಕೋಲು ಹಿಡಿಯುವ ರೀತಿ ತೋರಿಸಿದರು, ಬೀಳುವ ಸರಳನ್ನು ಎರಡು ಸಲ ಬೀಳಿಸಿ ತೋರಿಸಿದರು. ಆಮೇಲೆ ಕಪಾಟಿನಿಂದ ವರದಿ ತೆಗೆದರು. ಮಡಿಕೆ ಬಿದ್ದ ಜಾಗದಲ್ಲಿ ಕಾಗದ ಹರಿಯಲು ಶುರುವಾಗಿತ್ತು. ಹಲಗೆಗೋಡೆಯ ಆಚೆ ಸುರುಳಿ ಸುತ್ತುವ ಯಂತ್ರ ಗುಂಯ್ ಅನ್ನುತ್ತಿತ್ತು.

ದಿನಾಂಕ ಓದಿದರು. ಪೆಟ್ಟಿಗೆಯ ವಿವರ ಓದಿದರು. ಹತ್ತು ಸಲದ ಪರೀಕ್ಷೆ, ಹನ್ನೊಂದನೇ ಸಲದ ಟ್ರಿಪ್ಪು. “ಕೊಕ್ಕೆ ಹಾಕಿರುವುದನ್ನು ಖಚಿತಪಡಿಸಿಕೊಳ್ಳದೆ ಒಳಪ್ರವೇಶಿಸಿದ...” ಅಲ್ಲಿಗೆ ನಿಂತರು. ಜೇಬಿನಲ್ಲಿ ಪುಟ್ಟಿಯ ಅರ್ಜಿ ಇತ್ತು.

“ಇದು ಸರಿಯಿಲ್ಲ,” ಅಂದರು.

ಹೊಸಬರು ತಲೆ ಎತ್ತಿದರು. ನೋಟ್‌ಬುಕ್ಕಿನಲ್ಲಿ ಏನೋ ತಪ್ಪು ಬರೆದೆವಾ ಅಂತ ಒಬ್ಬಳು ಹಿಂದಿನ ಪುಟ ತಿರುವಿದಳು.

“ಇಲ್ಲಿ ಬರೆದಿರೋದು ಪೂರ್ತಿ ಸರಿಯಿಲ್ಲ. ಅವನು ಸುಮ್ಮನೆ ಒಳಗೆ ಹೋಗಲಿಲ್ಲ. ಬಾಗಿಲಲ್ಲಿ ನಿಂತು ಕೇಳಿದ. ಪ್ಯಾನೆಲ್ ಹತ್ರ ಇದ್ದವನು ಹಾಕಿದೆ ಅಂದ. ಕೈಯಲ್ಲಿ ಪೆನ್ನು ಹಿಡ್ಕೊಂಡಿದ್ದ, ಕೋಲು ಮುಟ್ಟಿರಲಿಲ್ಲ. ಆದ್ರೂ ಹಾಕಿದೆ ಅಂದ. ಹತ್ತು ಸಲ ಹೇಳಿ ಹೇಳಿ ಬಾಯಿಗೆ ಬಂದುಬಿಟ್ಟಿತ್ತು. ಪ್ಯಾನೆಲ್ ಹತ್ರ ಇದ್ದವನು ನಾನು.”

ಸುರುಳಿ ಸುತ್ತುವವರು ಒಂದು ಪದರ ಮುಗಿಯುವವರೆಗೆ ಯಂತ್ರ ನಿಲ್ಲಿಸುವುದಿಲ್ಲ. ನಡುವೆ ನಿಲ್ಲಿಸಿದರೆ ತಂತಿಯ ಬಿಗಿ ಸಡಿಲಾಗಿ ಸುತ್ತಿನ ಮೇಲೆ ಸುತ್ತು ಕೂರುತ್ತದೆ, ಇಡೀ ಸುರುಳಿ ಬಿಚ್ಚಬೇಕಾಗುತ್ತದೆ. ಬೆಂಕಿ ಬಿದ್ದರೂ ಪದರ ಮುಗಿಸಿಯೇ ಏಳುವವಳು ಅಂತ ಚಿಕ್ಕನ ಹೆಂಡತಿಯನ್ನು ಆಡಿಕೊಳ್ಳುತ್ತಿದ್ದರು. ಆಚೆ ಕಡೆ ಗುಂಯ್ ಅನ್ನುವುದು ನಿಂತಿತು.

ಅವಳು ಬಾಗಿಲಿಗೆ ಬಂದಳು. ಬೆರಳಲ್ಲಿ ತಂತಿಯ ಒಂದು ತುಂಡು ಇನ್ನೂ ಸುತ್ತಿಕೊಂಡಿತ್ತು.

“ಭಾವ, ಅವರು ಕೇಳಿದ್ರಾ?”

“ಕೇಳಿದ.”

“ಏನಂತ ಕೇಳಿದ್ರು? ಅವರು ಹೇಳಿದ ಹಾಗೇ ಹೇಳಿ.”

“ಅಣ್ಣ, ಕೊಕ್ಕೆ ಅಂದ.”

“ನೀವು?”

“ಹಾಕಿದೆ ಅಂದೆ.”

ಅವಳು ಕೂಗಾಡುತ್ತಾಳೆ ಅಂತ ಮೇಷ್ಟ್ರು ಕಾದರು. ಕೂಗಾಡಲಿ, ಹೊಡೆಯಲಿ, ಇವತ್ತೇ ಮನೆ ಬಿಟ್ಟು ಹೋಗಿ ಅನ್ನಲಿ ಅಂತ ಒಳಗೊಳಗೇ ಬೇಡಿಕೊಂಡರು. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹೊಸಬರು ಪೆನ್ನು ಕೆಳಗಿಟ್ಟಿದ್ದರು.

“ತಪ್ಪು ಆಗುತ್ತೆ ಭಾವ,” ಅಂದಳು. “ಹತ್ತು ಸಲ ಹಾಕಿದ ಕೈ ಒಂದು ಸಲ ಮರೆಯುತ್ತೆ. ಅವತ್ತೇ ಹೇಳಿದ್ರೆ ನಿಮ್ಮ ಮೇಲೆ ಒಂದಷ್ಟು ದಿನ ಬೆಂಕಿ ಕಾರ್ತಿದ್ದೆ, ಆಮೇಲೆ ಸುಮ್ಮನಾಗ್ತಿದ್ದೆ. ನೀವೂ ಅವರನ್ನ ಕಳ್ಕೊಂಡವರೇ ಅಲ್ವಾ. ಆದ್ರೆ ಒಂಬತ್ತು ವರ್ಷದಿಂದ ನನ್ನ ಸಿಟ್ಟೆಲ್ಲ ಅವರ ಮೇಲೇ ಇತ್ತು. ಹೆಣದ ಮುಂದೆ ಕೂತಾಗಲೂ ಸಿಟ್ಟೇ. ಹೆಂಡತಿ ಮಗು ನೆನಪಾಗಲಿಲ್ವಾ, ಒಂದು ಸಲ ಬಗ್ಗಿ ನೋಡೋಕೆ ಆಗಲಿಲ್ವಾ, ನಮ್ಮನ್ನ ಅಷ್ಟು ಹಗುರ ಮಾಡ್ಕೊಂಡ್ರಾ ಅಂತ. ಒಂದು ಹನಿ ಕಣ್ಣೀರು ಹಾಕಲಿಲ್ಲ ನಾನು. ಹೆತ್ತ ಮಗಳಿಗೆ ಅವರ ಹೆಸರನ್ನೇ ಬೈಗುಳ ಮಾಡಿ ಕೊಟ್ಟೆ. ಕೇಳಿದ್ರಂತೆ ಅವರು. ಕೇಳಿಯೇ ಹೋಗಿದ್ರಂತೆ.”

ದನಿ ಒಡೆಯಿತು. ಸಾವರಿಸಿಕೊಂಡು ಮತ್ತೆ ಹೇಳಿದಳು, “ಬೈದಿದ್ದನ್ನೆಲ್ಲ ಈಗ ಯಾರ ಹತ್ರ ವಾಪಸ್ ತಗೊಳ್ಳಲಿ? ನೀವೇ ಹೇಳಿ ಭಾವ.”

ಅವಳು ಉತ್ತರಕ್ಕೆ ಕಾಯಲಿಲ್ಲ. ಬೆರಳಿನ ತಂತಿ ಬಿಚ್ಚಿ ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ಮೇಷ್ಟ್ರು ವರದಿ ಹಿಡಿದುಕೊಂಡು ಯಜಮಾನರ ಕೋಣೆಗೆ ಹೋದರು. ಎಲ್ಲವನ್ನೂ ಹೇಳಿದರು, ಇದನ್ನು ತಿದ್ದಬೇಕು ಅಂದರು. ಯಜಮಾನರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. “ಇಷ್ಟು ವರ್ಷ ಆದಮೇಲೆ ಯಾಕೆ ಮೇಷ್ಟ್ರೇ? ಹೋದವನು ಬರ್ತಾನಾ?” ಅಂದರು. ಮೇಷ್ಟ್ರು ಜಗ್ಗಲಿಲ್ಲ. ಕೆಳಗೆ ತಮ್ಮ ಕೈಯಲ್ಲೇ ನಾಲ್ಕು ಸಾಲು ಬರೆದರು: ಮೃತರು ಪ್ಯಾನೆಲ್ ಬಳಿ ಇದ್ದ ನನ್ನನ್ನು ಕೇಳಿದರು, ನಾನು ಕೊಕ್ಕೆ ಹಾಕದೆಯೇ ಹಾಕಿದೆ ಎಂದು ಹೇಳಿದೆ, ನನ್ನ ಮಾತನ್ನು ನಂಬಿ ಒಳಗೆ ಹೋದರು, ತಪ್ಪು ನನ್ನದು. ಯಜಮಾನರು ತನಿಖೆಯ ಕಚೇರಿಗೆ ಕಳಿಸುತ್ತೇನೆ, ಮುಂದೆ ಏನಾಗುತ್ತೋ ನೋಡೋಣ ಅಂದರು. ಮೇಷ್ಟ್ರಿಗೆ ಅದರ ಮೇಲೆ ಆಸಕ್ತಿ ಇರಲಿಲ್ಲ.

ಸಂಜೆ ಬೀದಿಯ ತಿರುವಿಗೆ ಬರುವಾಗಲೇ ಅಳು ಕೇಳಿಸಿತು. ಮನೆಯ ಮುಂದೆ ಹತ್ತು ಹನ್ನೆರಡು ಜನ ಸೇರಿದ್ದರು. ಅಂಗಡಿಯ ಮುದುಕ, ಪಕ್ಕದ ಮನೆಯ ಹೆಂಗಸರು, ಎರಡು ತಿಂಗಳ ಹಿಂದೆ ಎದುರು ಮನೆಗೆ ಬಾಡಿಗೆಗೆ ಬಂದ ಟೈಲರ್, ಕೊರಳಲ್ಲಿ ಅಳತೆ ಪಟ್ಟಿಯ ಸಮೇತ. ಒಳಗಿನಿಂದ ಬರುತ್ತಿದ್ದದ್ದು ಅಂಥಿಂಥ ಅಳುವಲ್ಲ. ಮನೆಯ ನಡುವೆ ಹೆಣ ಇಟ್ಟುಕೊಂಡು ಅಳುವ ಅಳು. ನಡುನಡುವೆ ಅವಳು ಗಂಡನನ್ನು ಕರೆಯುತ್ತಿದ್ದಳು, ನೀವು ಕೇಳಿದ್ರಂತಲ್ಲಾ, ಕೇಳಿದ್ರಂತಲ್ಲಾ ಅನ್ನುತ್ತಿದ್ದಳು.

ಪುಟ್ಟಿ ಹೊಸ್ತಿಲಲ್ಲಿ ನಿಂತಿದ್ದಳು, ಸಮವಸ್ತ್ರ ಇನ್ನೂ ಬಿಚ್ಚಿರಲಿಲ್ಲ. ಕಣ್ಣು ಊದಿಕೊಂಡಿತ್ತು.

“ಏನಾಯ್ತು ಮಗಳೇ? ಯಾರು ಹೋದ್ರು?” ಅಂತ ಟೈಲರ್ ಮೆಲ್ಲಗೆ ಕೇಳಿದ.

“ನಮ್ಮಪ್ಪ,” ಅಂದಳು ಹುಡುಗಿ.

ಹಳಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೈಲರಿಗೆ ಏನೂ ಗೊತ್ತಿರಲಿಲ್ಲ. ಅವನು ಕೊರಳಿನ ಅಳತೆ ಪಟ್ಟಿ ತೆಗೆದು ಮಡಚಿ ಕೈಯಲ್ಲಿ ಹಿಡಿದುಕೊಂಡು, ಸಾವಿನ ಮನೆಯ ಮುಂದೆ ನಿಲ್ಲುವ ಹಾಗೆ ತಲೆ ತಗ್ಗಿಸಿ ನಿಂತ.

ಗುಂಪಿನ ಹಿಂದೆ ಮೇಷ್ಟ್ರನ್ನು ಕಂಡವರು ದಾರಿ ಬಿಟ್ಟರು. ಮನೆಯ ಹಿರಿಯರು, ಒಳಗೆ ಹೋಗಿ ಸಮಾಧಾನ ಹೇಳಬೇಕಾದವರು ಅವರೇ ತಾನೇ. ಮೇಷ್ಟ್ರು ಹೆಜ್ಜೆ ಎತ್ತಲಿಲ್ಲ. ಅವಳ ಅಳು ನಿಂತ ಮೇಲೆ ಹೋಗೋಣ ಅಂದುಕೊಂಡು ಬೀದಿಯಲ್ಲೇ ನಿಂತರು. ದೀಪ ಹಚ್ಚುವ ಹೊತ್ತಾಯಿತು, ಜನ ಒಬ್ಬೊಬ್ಬರಾಗಿ ಮನೆಗೆ ಹೋದರು, ಅಳು ಮಾತ್ರ ನಿಲ್ಲಲಿಲ್ಲ.